ಕ್ರಿಸ್‌ಮಸ್ ಚಿತ್ರಕಾರ್ಡ್ ಹಿಡಿದು ಮಕ್ಕಳಿಗೆ ಪದ ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಹತ್ತಿರವಾದಂತೆ ಮೈಸೂರು, ಮಂಡ್ಯದ ಮನೆಗಳಿಂದ, ಶಿಶುವಿಹಾರಗಳಿಂದ, ಅಂಗನವಾಡಿಗಳಿಂದ ಒಂದೇ ಬಗೆಯ ಪ್ರಶ್ನೆಗಳು ಬರುತ್ತವೆ. ಕೇಳಿದವರ ಮಾತಿನಲ್ಲೇ ಅವನ್ನು ಇಲ್ಲಿ ಇಟ್ಟಿದ್ದೇವೆ. ಮೊದಲ ಬಾರಿ ಕಾರ್ಡ್ ಮಾಡುವವರು ಮೇಲಿನಿಂದ ಓದಿ. ಈಗಾಗಲೇ ಮಾಡಿ ಎಲ್ಲೋ ಸಿಕ್ಕಿಹಾಕಿಕೊಂಡವರು ತಮ್ಮ ಪ್ರಶ್ನೆಗೇ ನೇರ ಹೋಗಬಹುದು.

## ಶುರು ಮಾಡುವ ಮುಂಚೆ

ನಾವು ಕ್ರೈಸ್ತರಲ್ಲ. ಮನೇಲಿ ಕ್ರಿಸ್‌ಮಸ್ ಕಾರ್ಡ್ ಇಟ್ಕೊಂಡು ಕಲಿಸಬಹುದಾ?

ಧಾರಾಳವಾಗಿ. ಮೇಣದಬತ್ತಿ, ಗಂಟೆ, ನಕ್ಷತ್ರ, ಕುರಿ, ಹಸು, ಹುಲ್ಲು ಯಾವ ಮನೆಯಲ್ಲಿ ಬೇಡ? ಹಬ್ಬ ಎಂದರೆ ವಸ್ತುಗಳು ಒಟ್ಟಾಗಿ ಕಣ್ಣಿಗೆ ಬೀಳುವ ಕಾಲ, ಹೆಸರು ಕಲಿಯಲು ಅದಕ್ಕಿಂತ ಒಳ್ಳೆಯ ಕಾಲ ಇಲ್ಲ. ದಸರಾ ಬೊಂಬೆ ಕೂರಿಸುವಾಗ ಮಕ್ಕಳು ಪಟ್ಟದ ಬೊಂಬೆ, ಶೆಟ್ಟಿ, ಶೆಟ್ಟಮ್ಮ, ಅಂಗಡಿ, ತಕ್ಕಡಿ ಎಂದು ಯಾರೂ ಪಾಠ ಮಾಡದೆ ಕಲಿಯುತ್ತಾರಲ್ಲ, ಹಾಗೆಯೇ ಇದು.

ಒಂದು ಎಚ್ಚರಿಕೆ ಮಾತ್ರ ಬೇಕು. ಗೋದಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ), ಅದರೊಳಗಿನ ಮಗು, ದೇವದೂತ ಇವು ಕ್ರೈಸ್ತ ಮನೆಗಳಲ್ಲಿ ಭಕ್ತಿಯ ವಸ್ತುಗಳು. ತರಗತಿಯಲ್ಲಿ ಬೇರೆ ಬೇರೆ ಮನೆಯ ಮಕ್ಕಳಿರುತ್ತಾರೆ. ಆ ಕಾರ್ಡ್‌ಗಳನ್ನು ತುಳಿಯುವ ಜಾಗದಲ್ಲಿ ಇಡಬೇಡಿ, ಎಸೆದಾಡುವ ಆಟಕ್ಕೆ ಬಳಸಬೇಡಿ.

ನನ್ನ ಮಗಳಿಗೆ ಎರಡೂವರೆ ವರ್ಷ. ಈಗ್ಲೇ ಶುರು ಮಾಡೋದಾ, ಇನ್ನೂ ಚಿಕ್ಕವಳಾ?

ಮಾಡಿ, ಆದರೆ ಮೂರೇ ಕಾರ್ಡ್, ಐದು ನಿಮಿಷ, ಅವಳು ತಿರುಗಿ ಹೋದರೆ ಅಲ್ಲಿಗೆ ಮುಗಿಯಿತು. ಈ ವಯಸ್ಸಿನಲ್ಲಿ ಮಗು ಹೇಳಲಾರದ ಪದಗಳನ್ನೂ ಅರ್ಥ ಮಾಡಿಕೊಳ್ಳುತ್ತದೆ. ಹಾಗಾಗಿ ಬೆರಳಿಟ್ಟು ತೋರಿಸಿದರೆ ಕಲಿತಳೆಂದೇ ಲೆಕ್ಕ. ನಾಲ್ಕು ವರ್ಷಕ್ಕೆ ಒಂದು ಸಲಕ್ಕೆ ಐದು ಹೊಸ ಪದ ಸಾಕು. ಆರೇಳು ವರ್ಷದವರಿಗೆ ಎಂಟರವರೆಗೆ ಕೊಡಬಹುದು, ಅವರು ಪದವನ್ನು ಓದಲೂ ಶುರು ಮಾಡಿರುತ್ತಾರೆ.

ಮೂರು ವರ್ಷದೊಳಗಿನವರ ಕೈಗೆ ಕಾರ್ಡ್ ಕೊಟ್ಟರೆ ಬಾಯಿಗೆ ಹೋಗುತ್ತದೆ. ಲ್ಯಾಮಿನೇಷನ್ ಮಾಡಿದ ಕಾರ್ಡಿನ ಮೂಲೆ ಚೂಪಾಗಿರುತ್ತದೆ, ಕಡ್ಡಾಯವಾಗಿ ದುಂಡಗೆ ಕತ್ತರಿಸಿ.

ಯಾವ ಪದ ಇಟ್ಕೊಬೇಕು? ನೆಟ್‌ನಲ್ಲಿ ಸಿಗೋ ಪಟ್ಟೀಲೆಲ್ಲ ಹಾಲಿ, ಮಿಸಲ್‌ಟೋ, ಎಲ್ಫ್ ಅಂತಿದೆ.

ಅವು ಮೂರನ್ನೂ ಬಿಡಿ. ಹಾಲಿ ಗಿಡವನ್ನು ನಮ್ಮ ಮಗು ಕಂಡಿಲ್ಲ, ಮುಟ್ಟಿಲ್ಲ, ಮುಂದಿನ ಹನ್ನೊಂದು ತಿಂಗಳು ಆ ಪದ ಅದರ ಕಿವಿಗೂ ಬೀಳುವುದಿಲ್ಲ. ನಾವು ಸೂಚಿಸುವುದು 24 ಪದ, ನಾಲ್ಕು ಗುಂಪು.

ಮನೆಯಲ್ಲೇ ಮುಟ್ಟಬಹುದಾದ ಎಂಟು: ಮೇಣದಬತ್ತಿ, ಗಂಟೆ, ನಕ್ಷತ್ರ, ಕೇಕು, ಉಡುಗೊರೆ, ಕಾಲುಚೀಲ, ಟೋಪಿ, ಸೀರಿಯಲ್ ಸೆಟ್. ಗೋದಲಿಯ ಎಂಟು: ಗೋದಲಿ, ಮಗು, ಕುರುಬ, ಕುರಿ, ಹಸು, ಕತ್ತೆ, ಒಂಟೆ, ಹುಲ್ಲು. ಬೀದಿಯಲ್ಲಿ, ಅಂಗಡಿಯಲ್ಲಿ ಕಾಣುವ ನಾಲ್ಕು: ಕ್ರಿಸ್‌ಮಸ್ ಮರ, ಚರ್ಚು, ದೇವದೂತ, ಸಾಂತಾ. ದೂರದ ನಾಲ್ಕು: ಹಿಮ, ಹಿಮದ ಬೊಂಬೆ, ಹಿಮಸಾರಂಗ, ಹಿಮಗಾಡಿ.

ಕಲಿಸುವಾಗಲೂ ಇದೇ ಕ್ರಮ, ಹತ್ತಿರದ್ದು ಮೊದಲು, ದೂರದ್ದು ಕೊನೆಗೆ. ದಿನಕ್ಕೊಂದು ಕಾರ್ಡ್ ಎಂದು ಡಿಸೆಂಬರ್ 1ರಿಂದ 24ರವರೆಗೆ ಬಿಚ್ಚುವ ಪದ್ಧತಿ ನೋಡಲು ಚೆನ್ನ, ಆದರೆ ಕೊನೆಯ ವಾರ ಬರುವ ಪದಗಳಿಗೆ ಮರುಕಳಿಕೆಯ ಅವಕಾಶವೇ ಇರುವುದಿಲ್ಲ. ಹೊಸ ಪದಗಳನ್ನು ಡಿಸೆಂಬರ್ 15ರೊಳಗೆ ಮುಗಿಸಿ, ಆಮೇಲಿನ ಹತ್ತು ದಿನ ಬರೀ ಆಟ, ಮಾತು.

ಚರ್ಚಿನ ಕಾರ್ಡಿಗೆ ಹಿಮ ಹೊದ್ದ ಮಾಡಿನ ಚಿತ್ರ ಬೇಡ. ಮೈಸೂರಿನ ಸಂತ ಫಿಲೋಮಿನಾ ಚರ್ಚಿನ ಫೋಟೊ ನೀವೇ ತೆಗೆದು ಹಾಕಿ. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಕಟ್ಟಡ ಅದು. 175 ಅಡಿಯ ಜೋಡಿ ಗೋಪುರವನ್ನು ಬಸ್ಸಿನ ಕಿಟಕಿಯಿಂದ ಕಂಡ ಮಗು "ನಮ್ಮ ಕಾರ್ಡು!" ಎಂದು ಕೂಗುತ್ತದೆ. ಮಂಡ್ಯದವರು ತಮ್ಮೂರ ಚರ್ಚನ್ನೇ ಹಾಕಲಿ.

ಸ್ನೋ ಕಾರ್ಡಿಗೆ "ಮಂಜು" ಅಂತ ಬರೆದಿದ್ದೀವಿ. ತಪ್ಪಾ?

ನಿಘಂಟಿನ ಪ್ರಕಾರ ತಪ್ಪಿಲ್ಲ, ಮಗುವಿನ ಪ್ರಕಾರ ತಪ್ಪು. ನಮ್ಮ ಕಡೆಯ ಮಗುವಿಗೆ ಮಂಜು ಎಂದರೆ ಡಿಸೆಂಬರ್ ಬೆಳಗ್ಗೆ ಗದ್ದೆ ಬಯಲಿನ ಮೇಲೆ ಕವಿದು, ಎದುರಿನ ಬೈಕಿನ ಲೈಟು ಮಾತ್ರ ಕಾಣುವಂತೆ ಮಾಡುವ ಬಿಳಿ ಹೊಗೆಯಂಥದ್ದು. ಅದನ್ನು ಹಿಡಿಯಲಾಗದು, ಉಂಡೆ ಕಟ್ಟಲಾಗದು. ಕಾರ್ಡಿನಲ್ಲಿ ಉಂಡೆ ಕಟ್ಟಿದ ಬೊಂಬೆ ತೋರಿಸಿ "ಮಂಜು" ಎಂದರೆ ತಲೆ ಕೆಡುತ್ತದೆ. ಸ್ನೋಗೆ ಹಿಮ, ಫಾಗ್‌ಗೆ ಮಂಜು, ಹುಲ್ಲಿನ ತುದಿಯ ಹನಿಗೆ ಇಬ್ಬನಿ ಎಂದು ಬೇರೆ ಬೇರೆ ಇಟ್ಟುಕೊಳ್ಳಿ. ಮೂರನ್ನೂ ಒಂದೇ ವಾರ ಕಲಿಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಎರಡನ್ನು ನಸುಕಿನಲ್ಲಿ ಬಾಗಿಲು ತೆರೆದು ತೋರಿಸಬಹುದು.

ಹಿಮಕ್ಕೂ ಒಂದು ದಾರಿ ಇದೆ. ಹಳೆಯ ಫ್ರಿಜ್ಜಿನ ಫ್ರೀಜರ್ ಗೋಡೆಗೆ ಕಟ್ಟಿದ ಬಿಳಿ ಪುಡಿಯನ್ನು ಚಮಚದಲ್ಲಿ ಕೆರೆದು ಮಗುವಿನ ಅಂಗೈಗೆ ಹಾಕಿ. ತಣ್ಣಗಿದೆ, ಬೆಳ್ಳಗಿದೆ, ಕರಗಿತು, ನೀರಾಯಿತು. ಒಂದು ಚಮಚಕ್ಕೆ ನಾಲ್ಕು ಪದ.

ಇನ್ನೊಂದು ಮಾತು: ಸ್ಲೆಡ್ಜ್ ಗಾಡಿಗೆ ಕೆಲವರು "ಜಾರುಬಂಡಿ" ಎಂದು ಬರೆಯುತ್ತಾರೆ. ಮಕ್ಕಳಿಗೆ ಅದು ಪಾರ್ಕಿನ ಜಾರುಬಂಡೆ. "ಹಿಮಗಾಡಿ" ಎಂದೇ ಇಡಿ.

ಉಡುಗೊರೆ ಕಾರ್ಡ್ ತೋರಿಸಿದ್ರೆ ಮಗ "ಡಬ್ಬಿ" ಅಂತಾನೆ. ಎಷ್ಟು ಸಲ ತಿದ್ದಿದ್ರೂ ಅಷ್ಟೇ.

ಮಗ ಸರಿಯಾಗಿಯೇ ಹೇಳುತ್ತಿದ್ದಾನೆ. ಚಿತ್ರದಲ್ಲಿ ಇರುವುದು ಡಬ್ಬಿ. ಉಡುಗೊರೆ ಎನ್ನುವುದು ವಸ್ತುವಲ್ಲ, ಒಬ್ಬರು ಇನ್ನೊಬ್ಬರಿಗೆ ಕೊಡುವುದು. ಎರಡು ಕೈ ಇರುವ ಚಿತ್ರ ಹುಡುಕಿ, ಒಂದು ಕೊಡುವ ಕೈ, ಇನ್ನೊಂದು ತೆಗೆದುಕೊಳ್ಳುವ ಕೈ. ಸಿಗದಿದ್ದರೆ ಮನೆಯವರ ಕೈಗಳ ಫೋಟೊ ತೆಗೆಯಿರಿ.

ದೇವದೂತನನ್ನು "ಹಕ್ಕಿ" ಎನ್ನುವುದು, ಬೀದಿಯ ಕಾಗದದ ನಕ್ಷತ್ರವನ್ನು "ಲೈಟು" ಎನ್ನುವುದು ಇದೇ ಕಾರಣಕ್ಕೆ. ಮಗು ತಪ್ಪು ಹೇಳಿದಾಗ ಮೊದಲು ಚಿತ್ರವನ್ನು ಅನುಮಾನಿಸಿ. ಒಂದು ಕಾರ್ಡಿಗೆ ಒಂದೇ ವಸ್ತು, ಹಿನ್ನೆಲೆ ಬಿಳಿ, ಸುತ್ತ ಹೂಬಳ್ಳಿಯ ಅಲಂಕಾರ ಬೇಡ.

## ಮುದ್ರಣ, ಕತ್ತರಿ, ಲ್ಯಾಮಿನೇಷನ್

ಜೆರಾಕ್ಸ್ ಅಂಗಡಿಯವರಿಗೆ ಏನಂತ ಹೇಳ್ಬೇಕು? ಹೋದ ಸಲ ತೆಳ್ಳಗೆ ಬಂತು, ಮಸುಕಾಗಿತ್ತು.

ಹೇಳಬೇಕಾದ್ದು ಇಷ್ಟು: "ಎ4, ಕಲರ್, ಒಂದೇ ಬದಿ, 250 ಜಿಎಸ್‌ಎಂ ಬೋರ್ಡು, ಆಕ್ಚುಯಲ್ ಸೈಜ್." ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಎಂಬ ಲೆಕ್ಕ, ಹೆಚ್ಚಾದಷ್ಟು ದಪ್ಪ. ಸಾಮಾನ್ಯ ಜೆರಾಕ್ಸ್ ಹಾಳೆ 70–80 ಜಿಎಸ್‌ಎಂ ಇರುತ್ತದೆ, ಹಿಂದಿನಿಂದ ಬೆಳಕು ಹಾಯ್ದು ಚಿತ್ರ ಕಾಣುತ್ತದೆ, ಎರಡು ದಿನಕ್ಕೆ ಸುರುಳಿಯಾಗುತ್ತದೆ. ಮನೆಯ ಪ್ರಿಂಟರ್ ಆದರೆ 170–200 ಜಿಎಸ್‌ಎಂ ಹಾಳೆಯನ್ನು ಹಿಂದಿನ ಟ್ರೇನಿಂದ ಒಂದೊಂದಾಗಿ ಕೊಡಿ, ಮುಂದಿನ ಟ್ರೇ ದಪ್ಪ ಹಾಳೆಯನ್ನು ಬಗ್ಗಿಸಿ ಎಳೆಯುವಾಗ ಸಿಕ್ಕಿಕೊಳ್ಳುತ್ತದೆ. ಲ್ಯಾಮಿನೇಷನ್ ಮಾಡಿಸುವವರಿಗೆ 170 ಸಾಕು, ಮೇಲಿನ ಪ್ಲಾಸ್ಟಿಕ್ಕೇ ಗಟ್ಟಿತನ ಕೊಡುತ್ತದೆ.

ಮಸುಕಾಗಲು ಸಾಮಾನ್ಯ ಕಾರಣ ವಾಟ್ಸಾಪ್. ಚಿತ್ರವನ್ನು ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. ಪಿಡಿಎಫ್ ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ, ಇಲ್ಲವೇ ಪೆನ್‌ಡ್ರೈವ್ ಒಯ್ಯಿರಿ. 9 ಸೆಂಟಿಮೀಟರ್ ಚೌಕದ ಕಾರ್ಡು ಚೊಕ್ಕವಾಗಿ ಬರಲು ಚಿತ್ರ ಸುಮಾರು 1060 ಪಿಕ್ಸೆಲ್ ಅಗಲ ಇರಬೇಕು, ಅದರ ಅರ್ಧ ಇದ್ದರೂ ಮಕ್ಕಳ ಕೆಲಸಕ್ಕೆ ನಡೆಯುತ್ತದೆ.

9 ಸೆಂಟಿಮೀಟರ್ ಚೌಕ ಎಂದದ್ದಕ್ಕೆ ಕಾರಣವಿದೆ. ಒಂದು ಎ4ಗೆ ಆರು ಕಾರ್ಡ್ ಕೂರುತ್ತವೆ, 24 ಕಾರ್ಡಿಗೆ ನಾಲ್ಕೇ ಹಾಳೆ. ಮಗುವಿನ ಕೈಗೂ ಹದ. ಜೋಡಿ ಆಟಕ್ಕೆ ಎರಡು ಸೆಟ್ ಬೇಕಾದರೆ ಎಂಟು ಹಾಳೆ.

ಪ್ರಿಂಟ್ ತೆಗೆದ್ರೆ ಅಂಚಿನ ಕಾರ್ಡು ಅರ್ಧ ಹೋಗಿದೆ, ಮೇಲೆ ಕೆಳಗೆ ಜಾಗ ಖಾಲಿ ಇದೆ.

ನೀವು ಇಳಿಸಿಕೊಂಡ ಕಡತ ಅಮೆರಿಕದ ಲೆಟರ್ ಅಳತೆಯದ್ದು. ಅದು 216 × 279 ಮಿಲಿಮೀಟರ್, ನಮ್ಮ ಎ4 210 × 297. ಅಗಲದಲ್ಲಿ 6 ಮಿಲಿಮೀಟರ್ ಜಾಸ್ತಿ, ಉದ್ದದಲ್ಲಿ 18 ಕಡಿಮೆ. ಇಂಥ ಕಡತಕ್ಕೆ ಮಾತ್ರ "ಫಿಟ್" ಆಯ್ಕೆ ಕೊಡಿ, ಕಾರ್ಡು ಕೂದಲೆಳೆಯಷ್ಟು ಚಿಕ್ಕದಾಗುತ್ತದೆ, ಚಿಂತೆ ಇಲ್ಲ. ಆದರೆ ಒಂದು ಸೆಟ್ಟಿನ ಎಲ್ಲ ಹಾಳೆಗೂ ಒಂದೇ ಆಯ್ಕೆ ಇರಲಿ. ಒಂದು ಹಾಳೆ ಫಿಟ್, ಇನ್ನೊಂದು ಆಕ್ಚುಯಲ್ ಆದರೆ ಕಾರ್ಡ್‌ಗಳ ಗಾತ್ರ ಬೇರೆಯಾಗುತ್ತದೆ, ಮಕ್ಕಳು ಚಿತ್ರ ನೋಡದೆ ಗಾತ್ರ ನೋಡಿಯೇ ಗುರುತಿಸಲು ಶುರು ಮಾಡುತ್ತಾರೆ.

ಕಂಪ್ಯೂಟರ್‌ನಲ್ಲಿ ಕನ್ನಡ ಸರಿಯಾಗಿತ್ತು, ಅಂಗಡೀಲಿ ಪ್ರಿಂಟ್ ಕೊಟ್ರೆ ಏನೇನೋ ಅಕ್ಷರ ಬಂತು.

ಹಳೆಯ "ನುಡಿ", "ಬರಹ" ತಂತ್ರಾಂಶಗಳ ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿ ಬರೆದಿದ್ದರೆ, ಆ ಶೈಲಿ ಇಲ್ಲದ ಕಂಪ್ಯೂಟರಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಎಲ್ಲ ಕಂಪ್ಯೂಟರಿಗೂ ಒಂದೇ ಆದ ಯೂನಿಕೋಡ್ ಸಂಕೇತದಲ್ಲಿ ಬರೆದು ನಿಮ್ಮ ಕಂಪ್ಯೂಟರಿನಲ್ಲೇ ಪಿಡಿಎಫ್ ಮಾಡಿ ಒಯ್ಯಿರಿ. ಕೆಲವು ಚಿತ್ರ ತಂತ್ರಾಂಶಗಳಲ್ಲಿ ಒತ್ತಕ್ಷರ ಒಡೆದು "ನಕ್ಷತ್ರ"ದ ಕ್ಷ, ತ್ರ ಬಿಡಿಬಿಡಿಯಾಗುತ್ತವೆ. ಪದವನ್ನು ವರ್ಡ್‌ನಲ್ಲಿ ಬರೆದು ಚಿತ್ರವಾಗಿ ತಂದು ಅಂಟಿಸುವುದೇ ಸುಲಭದ ಮದ್ದು.

"ಕ್ರಿಸ್‌ಮಸ್" ಎಂದು ಟೈಪಿಸಿದರೆ "ಕ್ರಿಸ್ಮಸ್" ಆಗಿ ಮ ಒತ್ತಾಗಿ ಇಳಿಯುತ್ತದೆ. ಸ್ ಮತ್ತು ಮ ನಡುವೆ ಅಕ್ಷರ ಬಿಡಿಸುವ, ಕಣ್ಣಿಗೆ ಕಾಣದ ಚಿಹ್ನೆಯೊಂದನ್ನು (ZWNJ) ಹಾಕಬೇಕು, ಹೆಚ್ಚಿನ ಕನ್ನಡ ಕೀಲಿಮಣೆಗಳಲ್ಲಿ ಅದಕ್ಕೊಂದು ಕೀಲಿ ಇದೆ. ಹೊಸದಾಗಿ ಓದುವ ಮಗುವಿಗೆ ಬಿಡಿಸಿ ಬರೆದದ್ದೇ ಓದಲು ಸುಲಭ. ಅಕ್ಷರ 40 ಪಾಯಿಂಟಿಗಿಂತ ಚಿಕ್ಕದು ಬೇಡ. ಪದದ ಕೆಳಗೆ 1 ಸೆಂಟಿಮೀಟರ್ ಖಾಲಿ ಬಿಡಿ, ಇಲ್ಲದಿದ್ದರೆ ಕತ್ತರಿ ಆಡಿಸುವಾಗ ಒತ್ತಕ್ಷರದ ಬಾಲ ಹೋಗುತ್ತದೆ.

ಲ್ಯಾಮಿನೇಷನ್ ಮಾಡಿಸಿದ ಒಂದೇ ವಾರಕ್ಕೆ ಅಂಚು ಬಿಟ್ಕೊಂಡ್ತು. ಯಾಕೆ?

ಇಡೀ ಹಾಳೆಯನ್ನು ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿದ್ದೀರಿ. ಆಗ ಪ್ರತಿ ಕಾರ್ಡಿನ ಅಂಚಿನಲ್ಲಿ ಕಾಗದ ಬಯಲಾಗಿರುತ್ತದೆ, ಮಕ್ಕಳ ಬೆವರು, ಎಂಜಲು ಒಳಕ್ಕಿಳಿದು ಪದರ ಬಿಡುತ್ತದೆ. ಮೊದಲು ಕಾರ್ಡ್ ಕತ್ತರಿಸಿ. ಆರನ್ನೂ ಒಂದು ಎ4 ಪೌಚಿನೊಳಗೆ (ಲ್ಯಾಮಿನೇಷನ್ನಿನ ಪ್ಲಾಸ್ಟಿಕ್ ಲಕೋಟೆ), ಕಾರ್ಡ್ ಕಾರ್ಡಿನ ನಡುವೆ 6 ಮಿಲಿಮೀಟರ್ ಜಾಗ ಬಿಟ್ಟು ಜೋಡಿಸಿ. ಪೌಚಿನ ಮುಚ್ಚಿದ ತುದಿ ಮೊದಲು ಯಂತ್ರಕ್ಕೆ ಹೋಗಲಿ. ಆಮೇಲೆ ಪ್ರತಿ ಕಾರ್ಡಿನ ಸುತ್ತ 3 ಮಿಲಿಮೀಟರ್ ಪ್ಲಾಸ್ಟಿಕ್ ಅಂಚು ಉಳಿಯುವಂತೆ ಕತ್ತರಿಸಿ, ಆ ಅಂಚೇ ಬೀಗ. ಪೌಚು 125 ಮೈಕ್ರಾನ್ ಇರಲಿ.

ಒಳಗೆ ಗುಳ್ಳೆ ಎದ್ದಿದ್ದರೆ ಇಂಕ್‌ಜೆಟ್ ಶಾಯಿ ಒಣಗಿರಲಿಲ್ಲ, ಇಲ್ಲವೇ ಹಾಳೆ ತೇವ ಹಿಡಿದಿತ್ತು. ಮುದ್ರಿಸಿದ ಮಾರನೆಯ ದಿನ ಲ್ಯಾಮಿನೇಟ್ ಮಾಡಿ. ಯಂತ್ರ ಬೇಡವೆನ್ನುವವರು ಪಾರ್ಸೆಲಿಗೆ ಹಚ್ಚುವ ಎರಡಂಗುಲದ ಪಾರದರ್ಶಕ ಟೇಪನ್ನು ಎರಡೂ ಬದಿ ಹಚ್ಚಬಹುದು, ಒಂದು ಹಬ್ಬಕ್ಕೆ ಬಾಳುತ್ತದೆ.

ಪದ ಚಿತ್ರದ ಕೆಳಗೇ ಇರ್ಬೇಕಾ, ಹಿಂದೆ ಇರ್ಬೇಕಾ?

ಓದದ ಮಗುವಿಗೆ ಎಲ್ಲಿದ್ದರೂ ಒಂದೇ. ಓದಲು ಶುರು ಮಾಡಿದ ಮಗುವಿಗೆ ಪದ ಬೇರೆಯ ಪಟ್ಟಿಯಲ್ಲಿರಲಿ, ಚಿತ್ರದ ಪಕ್ಕ ತಂದಿಟ್ಟು ಜೋಡಿಸಲಿ. ಕೆಳಗೇ ಇದ್ದರೆ ಅದು ಚಿತ್ರ ನೋಡಿ ಹೇಳುತ್ತದೆ, ಅಕ್ಷರದ ಕಡೆ ಕಣ್ಣೇ ಹಾಯುವುದಿಲ್ಲ. ಎರಡೂ ಬದಿ ಮುದ್ರಿಸುವ ಆಸೆ ಇದ್ದರೆ ಒಂದು ಹಾಳೆ ತೆಗೆದು ನೋಡಿ, ಎಡಬಲ ಅದಲುಬದಲಾಗಿ ಗಂಟೆಯ ಬೆನ್ನಿಗೆ ಕುರಿ ಬಂದು ಕೂರುವುದು ಮಾಮೂಲು.

ನೆಟ್‌ನಲ್ಲಿ ಸಿಕ್ಕ ಚಿತ್ರ ಯಾವುದು ಬೇಕಾದ್ರೂ ಹಾಕ್ಬಹುದಾ?

ಇಲ್ಲ. "ಸ್ವಂತ ಬಳಕೆಗೆ ಮಾತ್ರ" ಎಂದಿರುವುದನ್ನು ಮನೆಯಲ್ಲಿ ಬಳಸಿ, ಶಾಲೆಗೆಲ್ಲ ಹಂಚಬೇಡಿ. "ತರಗತಿ ಬಳಕೆ" ಎಂದಿದ್ದರೆ ಹಂಚಬಹುದು, ಮಾರುವಂತಿಲ್ಲ. ಹುಡುಕಾಟದಲ್ಲಿ ಸಿಕ್ಕಿತು ಎಂಬ ಮಾತ್ರಕ್ಕೆ ಅದು ಎಲ್ಲರದ್ದಾಗುವುದಿಲ್ಲ. ವಿಕಿಮೀಡಿಯಾ ಕಾಮನ್ಸ್‌ನಂಥ ಮುಕ್ತ ಸಂಗ್ರಹಗಳಲ್ಲಿ ಪ್ರತಿ ಚಿತ್ರದ ಕೆಳಗೆ ಷರತ್ತು ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ.

## ಕಲಿಸುವಾಗ

"ಇದೇನು?" ಅಂತ ಕೇಳಿದ್ರೆ ಬಾಯೇ ಬಿಡಲ್ಲ.

ಆ ಪ್ರಶ್ನೆ ಮೂರನೆಯ ಹೆಜ್ಜೆ, ಅದರಿಂದ ಶುರು ಮಾಡಬಾರದು. ಮೊದಲ ಹೆಜ್ಜೆಯಲ್ಲಿ ನೀವೇ ಹೇಳಿ: "ಇದು ಮೇಣದಬತ್ತಿ. ಇದು ಗಂಟೆ." ಎರಡನೆಯದರಲ್ಲಿ ಹುಡುಕಿಸಿ: "ಗಂಟೆ ಎಲ್ಲಿ? ಗಂಟೆ ಅಜ್ಜಿಗೆ ಕೊಟ್ಟು ಬಾ. ಮೇಣದಬತ್ತಿ ದಿಂಬಿನ ಕೆಳಗೆ ಬಚ್ಚಿಡು." ಇಲ್ಲೇ ಬಹಳ ಹೊತ್ತು ಇರಿ, ಎರಡು ಮೂರು ದಿನ ಇಲ್ಲೇ ಕಳೆದರೂ ನಷ್ಟವಿಲ್ಲ. ಮಗು ತಪ್ಪದೆ ಎತ್ತಿಕೊಡುವಾಗ ಮಾತ್ರ ಮೂರನೆಯದು: "ಇದೇನಪ್ಪ?" ಮಾಂಟೆಸರಿ ಶಾಲೆಗಳಲ್ಲಿ ನಡೆಯುವ ಮೂರು ಹಂತದ ಪಾಠ ಇದೇ.

ತಪ್ಪು ಹೇಳಿದರೆ "ಅಲ್ಲ" ಎನ್ನಬೇಡಿ. ಎರಡನೆಯ ಹೆಜ್ಜೆಗೆ ಇಳಿಯಿರಿ, ಅಷ್ಟೇ. ನೆಂಟರ ಮುಂದೆ ನಿಲ್ಲಿಸಿ "ಹೇಳು ಪುಟ್ಟ, ಹೇಳು" ಎನ್ನುವುದನ್ನಂತೂ ದಯವಿಟ್ಟು ಮಾಡಬೇಡಿ. ಮನೆಯಲ್ಲಿ ಬಾಯಿತುಂಬ ಹೇಳುತ್ತಿದ್ದ ಮಗು ಕಾರ್ಡ್ ಕಂಡರೆ ಓಡಿಹೋಗಲು ಅದೊಂದೇ ಸಾಕು.

ಕಾರ್ಡ್ ನೋಡಿ ಪಟಪಟ ಹೇಳ್ತಾಳೆ, ಬೇರೆ ಕಡೆ ಅದೇ ವಸ್ತು ನೋಡಿದ್ರೆ ಗೊತ್ತಾಗಲ್ಲ.

ಈ ಪುಟದಲ್ಲಿ ನಮಗೆ ಅತಿ ಮುಖ್ಯ ಎನಿಸುವ ಪ್ರಶ್ನೆ ಇದು. ಅವಳು ಕಲಿತದ್ದು ಆ ಕಾರ್ಡಿನ ಹೆಸರು, ವಸ್ತುವಿನ ಹೆಸರಲ್ಲ. ಕೆಂಪು ಮೇಣದಬತ್ತಿಯ ಒಂದೇ ಚಿತ್ರವನ್ನು ಐವತ್ತು ಸಲ ನೋಡಿದವಳಿಗೆ, ಕರೆಂಟ್ ಹೋದಾಗ ಅಡುಗೆಮನೆಯಲ್ಲಿ ಹಚ್ಚಿದ ಬಿಳಿ ಮೋಟು ಮೇಣದಬತ್ತಿ ಬೇರೆ ವಸ್ತುವೇ.

ಕಾರ್ಡ್ ತೋರಿಸಿದ ದಿನವೇ ವಸ್ತುವನ್ನೂ ತೋರಿಸಿ, ಸಾಧ್ಯವಾದರೆ ವಸ್ತು ಮೊದಲು. ದೇವರ ಮನೆಯ ಗಂಟೆ ಬಾರಿಸಲಿ, ಸೈಕಲ್ಲಿನ ಗಂಟೆ ಒತ್ತಲಿ, ಹಸುವಿನ ಕೊರಳ ಗಂಟೆ ಕೇಳಲಿ, ಆಮೇಲೆ ಕಾರ್ಡ್. ಮೇಣದಬತ್ತಿಗೆ ನೀವು ಹಚ್ಚಿ, ಅವಳು ಊದಲಿ. ಬತ್ತಿ ಹೊಗೆಯಾಡುತ್ತದೆ, ಮೇಣ ಜಿನುಗಿ ತಟ್ಟೆಯ ಮೇಲೆ ಹಾಲಿನ ಹನಿಯಂತೆ ಕೂರುತ್ತದೆ, ಆರಿದ ಮೇಲೆ ಉಗುರಿನಿಂದ ಎಬ್ಬಿಸಿದರೆ ಬಿಲ್ಲೆಯಾಗಿ ಏಳುತ್ತದೆ. ಹಚ್ಚು, ಊದು, ಆರಿತು, ಕರಗಿತು, ಗಟ್ಟಿಯಾಯಿತು: ಈ ಕ್ರಿಯಾಪದಗಳು ಯಾವ ಮುದ್ರಿತ ಕಾರ್ಡಿನಲ್ಲೂ ಇರುವುದಿಲ್ಲ, ಮಾತು ಬೆಳೆಯುವುದು ಇವುಗಳಿಂದಲೇ.

ಒಂದೇ ಪದಕ್ಕೆ ಎರಡು ಮೂರು ಬೇರೆ ಚಿತ್ರಗಳಿದ್ದರೆ ಇನ್ನೂ ಚೆನ್ನ. ಕ್ರಿಸ್‌ಮಸ್ ಮರಕ್ಕೆ ಒಂದು ಅಂಗಡಿಯ ಪ್ಲಾಸ್ಟಿಕ್ ಮರ, ಇನ್ನೊಂದು ಸರ್ವೆ ಕೊಂಬೆ ನೆಟ್ಟು ಅಲಂಕರಿಸಿದ್ದು. ಹಿಮಸಾರಂಗ ಸಿಗುವುದಿಲ್ಲ ನಿಜ, ಆದರೆ ನಮ್ಮ ನಾಗರಹೊಳೆಯ ಕಡವೆಯ ಫೋಟೊ ಪಕ್ಕದಲ್ಲಿಟ್ಟು ಕವಲುಗೊಂಬು ಹೋಲಿಸಬಹುದು. ಕಡವೆಯಲ್ಲಿ ಗಂಡಿಗೆ ಮಾತ್ರ ಕೊಂಬು, ಹಿಮಸಾರಂಗದಲ್ಲಿ ಹೆಣ್ಣಿಗೂ ಉಂಟು. ಐದು ವರ್ಷದವರಿಗೆ ಈ ಮಾತು ಬಹಳ ಹಿಡಿಸುತ್ತದೆ.

ಇವತ್ತು ಹೇಳ್ತಾನೆ, ನಾಳೆಗೆ ಮರೆತಿರ್ತಾನೆ.

ಮೂರು ಡಬ್ಬಿ ಇಡಿ. ಹೊಸ ಕಾರ್ಡೆಲ್ಲ ಮೊದಲ ಡಬ್ಬಿಯಲ್ಲಿ, ಅದನ್ನು ದಿನಾ ತೆಗೆಯಿರಿ. ಸರಿಯಾಗಿ ಹೇಳಿದ ಕಾರ್ಡ್ ಎರಡನೆಯದಕ್ಕೆ ಹೋಗುತ್ತದೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದದ್ದು ಮೂರನೆಯದಕ್ಕೆ, ಅದು ವಾರಕ್ಕೊಮ್ಮೆ. ಮರೆತದ್ದು ಯಾವ ಡಬ್ಬಿಯಲ್ಲಿದ್ದರೂ ಮೊದಲನೆಯದಕ್ಕೆ ವಾಪಸ್. ಡಬ್ಬಿಯಿಂದ ಡಬ್ಬಿಗೆ ಹಾಕುವ ಕೆಲಸ ಮಗುವಿನದೇ ಆಗಲಿ. ಒಂದೇ ದಿನ ಅರ್ಧ ಗಂಟೆ ಉರು ಹೊಡೆಸುವುದಕ್ಕಿಂತ ಆರು ದಿನ ಐದೈದು ನಿಮಿಷ ಕೂರುವುದು ಮೇಲು.

ಕಾರ್ಡ್ ಅಂದ್ರೆ ಬೇಜಾರು ಅಂತಾರೆ. ಏನಾದ್ರೂ ಆಟ ಹೇಳಿ.

ಚೌಕಾಬಾರ ಆಡಿ. 24 ಪದ ಇಟ್ಟುಕೊಳ್ಳಿ ಎಂದದ್ದರ ಹಿಂದೆ ಈ ಆಟವೇ ಇದೆ: ಐದೈದು ಮನೆಯ ಚೌಕಾಬಾರದಲ್ಲಿ ಒಟ್ಟು 25 ಮನೆ, ನಡುವಿನ ಮನೆ ಬಿಟ್ಟರೆ ಸರಿಯಾಗಿ 24.

ಜಮಖಾನದ ಮೇಲೆ ಕಾರ್ಡ್‌ಗಳನ್ನೇ ಮನೆಗಳಾಗಿ ಜೋಡಿಸಿ, ಅರ್ಧ ಮೀಟರ್ ಚೌಕ ಸಾಕು. ಹೊರಸುತ್ತಿನಲ್ಲಿ 16 ಮನೆ. ನಾಲ್ಕು ಬದಿಯ ನಡುವೆ ಗೀಟು ಹಾಕುವ, ಕಾಯಿ ಹೊಡೆಯಲಾಗದ ಮನೆಗಳಿರುತ್ತವಲ್ಲ, ಅಲ್ಲಿ ದೂರದ ನಾಲ್ಕು ಪದಗಳನ್ನಿಡಿ: ಹಿಮ, ಹಿಮದ ಬೊಂಬೆ, ಹಿಮಸಾರಂಗ, ಹಿಮಗಾಡಿ. ಕಾಯಿ ಅಲ್ಲೇ ಬೀಡುಬಿಡುವುದರಿಂದ ಆ ಕಷ್ಟದ ಪದಗಳು ಹೆಚ್ಚು ಸಲ ಬಾಯಿಗೆ ಬರುತ್ತವೆ. ಉಳಿದ 12ಕ್ಕೆ ಮನೆಯ ಎಂಟು, ಬೀದಿಯ ನಾಲ್ಕು. ಒಳಸುತ್ತಿನ ಎಂಟು ಮನೆಗೆ ಗೋದಲಿಯ ಎಂಟು ಕಾರ್ಡ್. ಹಣ್ಣಾಗುವ ನಡುಮನೆಯಲ್ಲಿ ಒಂದು ತಟ್ಟೆ, ತಟ್ಟೆಯಲ್ಲಿ ಕೇಕಿನ ತುಂಡು.

ನಾಲ್ಕು ಕವಡೆ, ಇಲ್ಲವೇ ಸೀಳಿದ ಹುಣಸೆ ಬೀಜ. ನಾಲ್ಕೂ ಅಂಗಾತ ಬಿದ್ದರೆ ಚೌಕ ನಾಲ್ಕು, ನಾಲ್ಕೂ ಕವುಚಿದರೆ ಬಾರ ಎಂಟು. ಹೊರಸುತ್ತು ಅಪ್ರದಕ್ಷಿಣೆ, ಒಳಸುತ್ತು ಪ್ರದಕ್ಷಿಣೆ. ಮಕ್ಕಳಿಗೆ ತಲಾ ಎರಡೇ ಕಾಯಿ ಕೊಡಿ, ನಾಲ್ಕು ಕೊಟ್ಟರೆ ಆಟ ಮುಗಿಯುವುದೇ ಇಲ್ಲ.

ಹೊಸ ನಿಯಮ ಒಂದೇ. ಕಾಯಿ ಯಾವ ಮನೆಗೆ ಬಂತೋ ಆ ವಸ್ತುವಿನ ಮೇಲೆ ಒಂದು ಮಾತು ಹೇಳಬೇಕು, ಬರೀ ಹೆಸರಲ್ಲ. "ಕತ್ತೆ ಭಾರ ಹೊರುತ್ತೆ." "ಕಾಲುಚೀಲ ತೂತಾಗಿದೆ." ಒಮ್ಮೆ ಹೇಳಿದ ಮಾತನ್ನು ಇನ್ನೊಬ್ಬರು ಹೇಳುವಂತಿಲ್ಲ. ತೋಚದಿದ್ದರೆ ಪಕ್ಕದವರು ಹೇಳಿಕೊಡಲಿ, ಮಗು ಅದನ್ನೇ ಹೇಳಿ ಮುಂದುವರಿಯಲಿ. ಹೇಳಲಿಲ್ಲ ಎಂದು ಕಾಯಿ ಹಿಂದೆ ಸರಿಸಬೇಡಿ, ಸೋಲಿನ ಭಯ ಬಂದರೆ ಎಲ್ಲರೂ ಚಿಕ್ಕ ಚಿಕ್ಕ ಮಾತಿಗೆ ಜಾರಿಕೊಳ್ಳುತ್ತಾರೆ. ಅಜ್ಜ ಅಜ್ಜಿಯರನ್ನು ಕೂರಿಸಿಕೊಳ್ಳಿ. ಅವರ ಬಾಯಿಂದ ಬರುವ ಕುರಿ, ಹಸು, ಹುಲ್ಲಿನ ಮಾತು ನಮ್ಮಲ್ಲಿ ಅನೇಕರಿಗೆ ಬರುವುದಿಲ್ಲ.

ಇಬ್ಬರೇ ಇದ್ದಾಗ "ಏನು ಮಾಯ" ಆಡಿ: ಐದು ಕಾರ್ಡ್ ಹರಡಿ, ಮಗು ಕಣ್ಣು ಮುಚ್ಚಿದಾಗ ಒಂದನ್ನು ತೆಗೆಯಿರಿ.

## ಕನ್ನಡ, ಇಂಗ್ಲಿಷ್ ಎರಡೂ

ಇಂಗ್ಲಿಷ್ ಮೀಡಿಯಂ ಶಾಲೆ. ಕನ್ನಡ ಪದ ಬಿಟ್ಟು ಸೀದಾ ಇಂಗ್ಲಿಷ್ ಕಲಿಸೋದಾ?

ಬಿಡಬೇಡಿ. ಮಗುವಿಗೆ ವಸ್ತುವಿನ ಬಗ್ಗೆ ಮಾತಾಡಲು ಬರುವುದು ಮನೆಯ ಭಾಷೆಯಲ್ಲಿ. ಆ ತಿಳಿವಳಿಕೆ ಇದ್ದರೆ ಇಂಗ್ಲಿಷ್ ಪದ ಅದಕ್ಕೆ ಇನ್ನೊಂದು ಹೆಸರಾಗಿ ಬೇಗ ಅಂಟಿಕೊಳ್ಳುತ್ತದೆ. ಕನ್ನಡದಲ್ಲಿ ಮೂರು ದಿನ ಆಡಿದ ಕಾರ್ಡನ್ನು ಇಂಗ್ಲಿಷಿಗೆ ತನ್ನಿ. ಒಂದೇ ಉಸಿರಿನಲ್ಲಿ "ಕ್ಯಾಂಡಲ್ ಅಂದ್ರೆ ಮೇಣದಬತ್ತಿ" ಎನ್ನಬೇಡಿ, ಮಗು ಒಂದನ್ನು ಕೇಳಿ ಇನ್ನೊಂದನ್ನು ಬಿಡುತ್ತದೆ. ಬೆಳಗಿನ ಆಟ ಕನ್ನಡದ್ದು, ಸಂಜೆಯದು ಇಂಗ್ಲಿಷಿನದು ಎಂದು ಹೊತ್ತು ಬೇರೆ ಮಾಡಿ. ಪದಪಟ್ಟಿಯ ಅಂಚಿಗೆ ಬೇರೆ ಬೇರೆ ಬಣ್ಣ ಇರಲಿ.

ಕೇಕು, ಚರ್ಚು, ಸಾಂತಾ, ಸೀರಿಯಲ್ ಸೆಟ್ ಇವುಗಳಿಗೆ ಕನ್ನಡ ಪದ ಹುಟ್ಟಿಸಲು ಹೋಗಬೇಡಿ. ಜನ ಆಡುವುದೇ ಮಗುವಿನ ಪದ. ಆದರೆ ಸೀರಿಯಲ್ ಸೆಟ್ ಎಂಬುದು ನಮ್ಮ ಕಡೆಯ ಮಾತು, ಇಂಗ್ಲಿಷ್ ಪಟ್ಟಿಯಲ್ಲಿ ಅದಕ್ಕೆ ಸ್ಟ್ರಿಂಗ್ ಲೈಟ್ಸ್ ಎಂದು ಬರೆಯಿರಿ.

"ಬೆಲ್" ಅಂದ್ರೆ ಬೆಲ್ಲ ತಂದುಕೊಡ್ತಾನೆ!

ಮಂಡ್ಯದ ಮಗು, ಆಲೆಮನೆಯ ವಾಸನೆಯಲ್ಲಿ ಬೆಳೆದದ್ದು, ಇನ್ನೇನು ತಂದೀತು. ಕನ್ನಡದ ಮಾತು ಸಾಮಾನ್ಯವಾಗಿ ಸ್ವರದಲ್ಲೇ ನಿಲ್ಲುತ್ತದೆ. ಹಾಗಾಗಿ ಬೆಲ್ ಎಂಬುದು ಬೆಲ್ಲು ಆಗುತ್ತದೆ ಅಥವಾ ಗೊತ್ತಿರುವ ಬೆಲ್ಲಕ್ಕೆ ಹೋಗಿ ಸೇರುತ್ತದೆ. ಬೆಲ್ಲದ ಅಚ್ಚು, ಗಂಟೆ ಎರಡನ್ನೂ ಮುಂದಿಟ್ಟು "ಬೆಲ್, ಬೆಲ್ಲ" ಎಂದು ಹೇಳುತ್ತ ಎತ್ತಿಸಿ. ಐದಾರು ಸಲಕ್ಕೆ ಕಿವಿ ಹಿಡಿಯುತ್ತದೆ, ಕೊನೆಗೆ ಬೆಲ್ಲ ತಿನ್ನಿಸಿ. ಸ್ಟಾರ್ "ಇಸ್ಟಾರು" ಆಗುವುದೂ ಇಂಥದ್ದೇ: "ಸ್‌ಸ್‌ಸ್" ಎಂದು ಹಾವಿನ ಸದ್ದು ಮಾಡಿಸಿ ಅದಕ್ಕೆ "ಟಾರ್" ಸೇರಿಸಿ.

ಹಿಮವನ್ನು "ಇಮ" ಎಂದರೆ ಅದು ನಮ್ಮ ಹಳ್ಳಿಗಳ ಉಚ್ಚಾರ, ಮಗುವಿನ ತಪ್ಪಲ್ಲ. ಕಾರ್ಡಿನಲ್ಲಿ "ಹಿಮ" ಎಂದಿರಲಿ, ನೀವು ಹಾಗೆ ಹೇಳುತ್ತಿರಿ, ನಗಬೇಡಿ.

ಕಾರ್ಡ್‌ನಿಂದ ವ್ಯಾಕರಣಾನೂ ಕಲಿಸಬಹುದಾ?

ವ್ಯಾಕರಣ ಎಂಬ ಹೆಸರೆತ್ತದೆ ಕಲಿಸಬಹುದು. ಎರಡು ಸೆಟ್ ಇದ್ದರೆ ಎಣಿಸಿ: ಎರಡು ಕುರಿ, ಆದರೆ ಇಬ್ಬರು ಕುರುಬರು. ಜನರನ್ನು ಎಣಿಸುವ ರೀತಿ ಬೇರೆ ಎಂಬುದು ಮಗುವಿಗೆ ಕಾರ್ಡ್ ಎತ್ತಿಡುವಾಗಲೇ ಹೊಳೆಯುತ್ತದೆ. "ಎರಡು ಗಂಟೆ" ಎಂದಾಗ ಗೋಡೆಯ ಗಡಿಯಾರ ತೋರಿಸಿದರೆ ಶಹಬ್ಬಾಸ್ ಎನ್ನಿ, ಒಂದೇ ಪದಕ್ಕೆ ಎರಡರ್ಥ ಎಂದು ಅದಕ್ಕೆ ಗೊತ್ತಾಗಿದೆ.

ಗೋದಲಿಯ ಕಾರ್ಡ್‌ಗಳು ಜಾಗದ ಪದಗಳಿಗೆ ಹೇಳಿ ಮಾಡಿಸಿದಂತಿವೆ. ಪಾದರಕ್ಷೆಯ ಖಾಲಿ ಪೆಟ್ಟಿಗೆಯೊಂದನ್ನು ಕೊಟ್ಟಿಗೆ ಮಾಡಿ. ಹುಲ್ಲಿನ ಮೇಲೆ ಮಗು, ಮಗುವಿನ ಪಕ್ಕ ಹಸು, ಬಾಗಿಲ ಹೊರಗೆ ಒಂಟೆ, ಮಾಡಿನ ಮೇಲೆ ನಕ್ಷತ್ರ. ನೀವು ಹೇಳಿ, ಮಗು ಇಡಲಿ. ಆಮೇಲೆ ಮಗು ಹೇಳಲಿ, ನೀವು ಬೇಕೆಂದೇ ತಪ್ಪಾಗಿಡಿ. ಗೋದಲಿ ಕಟ್ಟುವ ಪದ್ಧತಿಗೆ 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸಿಸಿಯ ಸಂತ ಫ್ರಾನ್ಸಿಸ್ ಕಟ್ಟಿದ್ದನ್ನೇ ಮೂಲವೆನ್ನುತ್ತಾರೆ. ಕಥೆಯನ್ನು ಕಣ್ಣಾರೆ ಕಾಣಿಸುವುದೇ ಅಲ್ಲಿಯೂ ಇದ್ದ ಉದ್ದೇಶ.

ಕಥೆ ಕೇಳುವ ವಯಸ್ಸಿನವರಿಗೆ ಒಂಟೆಯ ಮೇಲೆ ಬಂದ ಮೂಡಣದ ಜ್ಞಾನಿಗಳು ಮಗು ಯೇಸುವಿಗೆ ತಂದದ್ದೇನೆಂದು ಹೇಳಿ: ಚಿನ್ನ, ಧೂಪ, ರಕ್ತಬೋಳ (ಒಂದು ಸುವಾಸನೆಯ ಮರದ ಅಂಟು). ಧೂಪವನ್ನು ಸಂಜೆ ಹಾಕಿ ತೋರಿಸಬಹುದು.

## ತರಗತಿ ಮತ್ತು ಕಷ್ಟದ ಸಂದರ್ಭಗಳು

ನನ್ನ ಕ್ಲಾಸಲ್ಲಿ ಮೂವತ್ತು ಮಕ್ಕಳು. ಒಂದು ಸೆಟ್ಟಲ್ಲಿ ಹೇಗೆ ಸಾಧ್ಯ?

ಮುಂದೆ ನಿಂತು ತೋರಿಸಲು 9 ಸೆಂಟಿಮೀಟರ್ ಕಾರ್ಡು ಸಾಲದು, ಹಿಂದಿನ ಸಾಲಿಗೆ ಕಾಣುವುದಿಲ್ಲ. ಪರಿಚಯಕ್ಕೆಂದು ಎಂಟು ಪದಗಳನ್ನು ಮಾತ್ರ ಎ4 ಗಾತ್ರದಲ್ಲಿ ತೆಗೆಸಿ. ಲ್ಯಾಮಿನೇಷನ್ ಹೊಳಪಿಗೆ ಕಿಟಕಿ ಪಕ್ಕದವರಿಗೆ ಬರೀ ಬೆಳಕು ಕಾಣುತ್ತದೆ, ಕಾರ್ಡನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಹಿಡಿಯಿರಿ. ಆಟಕ್ಕೆ ಆರು ಮಕ್ಕಳ ಐದು ಗುಂಪು, ಗುಂಪಿಗೊಂದು ಚಿಕ್ಕ ಸೆಟ್. ಬಣ್ಣ ದುಬಾರಿ ಎನಿಸಿದರೆ ರೇಖಾಚಿತ್ರವನ್ನು ಕಪ್ಪುಬಿಳುಪಿನಲ್ಲಿ ತೆಗೆಸಿ, ಮಕ್ಕಳೇ ಬಣ್ಣ ಹಚ್ಚಲಿ.

ಸರ್ಕಾರಿ ಶಾಲೆಯ ಶಿಕ್ಷಕರಿಗೆ ಕಾರ್ಡ್ ಹೊಸದೇನಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾಗಿ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿ ಎಂಬ ಆಡುತ್ತ ಕಲಿಯುವ ಪದ್ಧತಿ ಕಟ್ಟಿದ್ದೇ ಕಾರ್ಡ್‌ಗಳ ಮೇಲೆ. ಅಲ್ಲಿಯ ಗುಂಪುಗಳಲ್ಲೇ ಇವನ್ನೂ ಕೂರಿಸಬಹುದು.

ಒಬ್ಬ ಹುಡುಗ ಕೆಂಪು ಟೋಪಿ, ಹಸಿರು ಟೋಪಿ ಯಾವಾಗ್ಲೂ ಅದಲುಬದಲು ಮಾಡ್ತಾನೆ.

ಕ್ರಿಸ್‌ಮಸ್ ಚಿತ್ರಗಳಲ್ಲಿ ಕೆಂಪು, ಹಸಿರೇ ಜಾಸ್ತಿ. ಕೆಂಪು ಹಸಿರು ಬೇರ್ಪಡಿಸಿ ಕಾಣದಿರುವ ತೊಂದರೆ ಹುಟ್ಟಿನಿಂದ ಬರುವುದು, ಹುಡುಗರಲ್ಲೇ ಹೆಚ್ಚು. ಉಳಿದ ಬಣ್ಣಗಳಲ್ಲಿ ಎಡವದೆ ಇವೆರಡರಲ್ಲೇ ಎಡವುತ್ತಿದ್ದರೆ ಪೋಷಕರಿಗೆ ತಿಳಿಸಿ, ಕಣ್ಣಿನ ವೈದ್ಯರ ಹತ್ತಿರ ಕಳಿಸಿ. ಅಲ್ಲಿಯವರೆಗೆ ಬಣ್ಣದ ಮೇಲೆ ಆಟ ಕಟ್ಟಬೇಡಿ. ಪಟ್ಟೆ ಟೋಪಿ, ಚುಕ್ಕಿ ಟೋಪಿ ಎಂದು ವಿಂಗಡಿಸಿ.

ಎರಡು ವರ್ಷ ದಾಟಿದೆ, ಒಂದೆರಡೇ ಪದ ಆಡ್ತಾನೆ. ಕಾರ್ಡ್‌ನಿಂದ ಮಾತು ಬರುತ್ತಾ?

ಕಾರ್ಡ್ ಬದಿಗಿಡಿ, ಮೊದಲು ಕಿವಿ ಪರೀಕ್ಷೆ ಮಾಡಿಸಿ. ಎರಡು ವರ್ಷದ ಹೊತ್ತಿಗೆ ಸಾಮಾನ್ಯವಾಗಿ ಮಕ್ಕಳು ಐವತ್ತರಷ್ಟು ಪದ ಆಡುತ್ತಾರೆ, "ಅಮ್ಮ ಬಾ" ಎಂದು ಎರಡು ಪದ ಜೋಡಿಸುತ್ತಾರೆ. "ಅವರಪ್ಪನೂ ತಡವಾಗೇ ಮಾತಾಡಿದ್ದು" ಎಂದು ಕಾಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲೇ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. ದೂರದ ರಾಜ್ಯಗಳಿಂದ ಜನ ಅಲ್ಲಿಗೆ ಬರುತ್ತಾರೆ, ನಮಗೆ ಅದು ಬಸ್ಸಿನಷ್ಟು ದೂರ. ಅಲ್ಲಿಯವರು ನೋಡಿ ಹೇಳಿದ ಮೇಲೆ ಕಾರ್ಡ್ ಹೇಗೆ ಬಳಸುವುದೆಂದು ಅವರನ್ನೇ ಕೇಳಿ.

ಡಿಸೆಂಬರ್ ಆದ್ಮೇಲೆ ಕಾರ್ಡ್ ಏನು ಮಾಡೋದು?

ಒಂಟೆಯ ಕಾರ್ಡನ್ನು ಜನವರಿ 6ರವರೆಗೆ ಇಟ್ಟುಕೊಳ್ಳಿ, ಚರ್ಚುಗಳಲ್ಲಿ ಮೂಡಣದ ಜ್ಞಾನಿಗಳ ಹಬ್ಬ ಅಂದೇ. ಹಸು, ಕುರಿ, ಹುಲ್ಲು, ಗಂಟೆ ಸಂಕ್ರಾಂತಿಗೆ ಹೋಗಲಿ. ಮಂಡ್ಯದ ಹಳ್ಳಿಗಳಲ್ಲಿ ಹಸುವಿನ ಮೈ ತೊಳೆದು, ಕೊರಳಿಗೆ ಗಂಟೆ ಕಟ್ಟಿ, ಕಿಚ್ಚು ಹಾಯಿಸುವಾಗ ಅವೇ ಪದಗಳು ಬೇಕು. ಕಬ್ಬು, ಎಳ್ಳು, ಬೆಲ್ಲದ ಅಚ್ಚು ಎಂದು ಮೂರು ಹೊಸ ಕಾರ್ಡ್ ಸೇರಿಸಿದರೆ ಹಳೆಯದಕ್ಕೂ ಜೀವ ಬರುತ್ತದೆ.

ಉಳಿದವನ್ನು ಎತ್ತಿಡುವಾಗ ರಬ್ಬರ್‌ಬ್ಯಾಂಡ್ ಹಾಕಬೇಡಿ. ಬೇಸಿಗೆಯಲ್ಲಿ ಅದು ಕರಗಿ ಪ್ಲಾಸ್ಟಿಕ್ಕಿಗೆ ಕಚ್ಚಿಕೊಳ್ಳುತ್ತದೆ, ಕಾರ್ಡಿನ ನಡುವೆ ಗೆರೆ ಬೀಳುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿಸಿ, ಚಪ್ಪಟೆಯಾಗಿ ಸ್ಟೀಲ್ ಡಬ್ಬಿಯಲ್ಲಿಡಿ. ಲ್ಯಾಮಿನೇಷನ್ ಇಲ್ಲದ ಕಾರ್ಡಿಗೆ ಬೆಳ್ಳಿಹುಳು ಬೀಳುತ್ತದೆ, ನಾಲ್ಕು ಒಣ ಬೇವಿನೆಲೆ ಹಾಕಿ. ಮುಚ್ಚಳದ ಒಳಗೆ 24 ಪದಗಳ ಪಟ್ಟಿ ಅಂಟಿಸಿ, ಮುಂದಿನ ನವೆಂಬರ್‌ನಲ್ಲಿ ಡಬ್ಬಿ ತೆಗೆದಾಗ ಯಾವ ಕಾರ್ಡ್ ಕಳೆದಿದೆ ಎಂದು ಮಗುವೇ ಓದಿ ಹೇಳಲಿ.